ಸತ್ಯಾಂಶ: ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ

ಕಾಸರಗೋಡು, ಮಂಜೇಶ್ವರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ವಿದೇಶಿ ಮೆಡಿಕಲ್ ಅರ್ಜಿಯ ಪ್ರಬಂಧದಲ್ಲಿ ಪದಗಳ ನಡುವಿನ ಸ್ಪೇಸ್ ಲೆಕ್ಕಕ್ಕಿಲ್ಲ.’ ಇದು ತಪ್ಪು. (ನೀಟ್ ಮೂಲಕ ಇಲ್ಲೇ ಎಂಬಿಬಿಎಸ್ ಸೇರುವವರಿಗೆ ಪ್ರಬಂಧವೇ ಇಲ್ಲ, ನಿಶ್ಚಿಂತೆಯಿಂದಿರಿ.)

ಅಮೆರಿಕದ ಮೆಡಿಕಲ್ ಕಾಲೇಜುಗಳ ಸಾಮಾನ್ಯ ಅರ್ಜಿ ವ್ಯವಸ್ಥೆಯಾದ ಎಎಂಸಿಎಎಸ್‌ನಲ್ಲಿ ಪ್ರಬಂಧದ ಮಿತಿ 5300 ಕ್ಯಾರೆಕ್ಟರ್ (ಅಕ್ಷರ, ಚಿಹ್ನೆ ಎಲ್ಲವೂ), ಸ್ಪೇಸ್ ಸೇರಿಯೇ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಯುಕ್ಯಾಸ್‌ನಲ್ಲೂ ಸ್ಪೇಸ್ ಸೇರಿ 4000. 2026ರ ಪ್ರವೇಶದಿಂದ ಅದು ಮೂರು ಪ್ರಶ್ನೆಗಳಿಗೆ ಹಂಚಿಹೋಗಿದೆ, ಪ್ರತಿಯೊಂದಕ್ಕೂ ಕನಿಷ್ಠ 350.

ಎಡವಟ್ಟಾಗುವುದು ವರ್ಡ್‌ನಲ್ಲಿ. ಅದು ಸ್ಪೇಸ್ ಸಹಿತ, ಸ್ಪೇಸ್ ರಹಿತ ಎಂದು ಎರಡು ಸಂಖ್ಯೆ ತೋರಿಸುತ್ತದೆ. ಸ್ಪೇಸ್ ರಹಿತ 5300ಕ್ಕೆ ಬರೆದರೆ ಇಂಗ್ಲಿಷಿನಲ್ಲಿ ಸುಮಾರು ಸಾವಿರ ಕ್ಯಾರೆಕ್ಟರ್ ಹೆಚ್ಚಾಗುತ್ತದೆ, ಅಂದರೆ ಒಂದು ದೊಡ್ಡ ಪ್ಯಾರಾ. ಕನ್ನಡದಲ್ಲಿ ಕರಡು ಬರೆದು ಉದ್ದ ಅಂದಾಜಿಸುವುದೂ ಬೇಡ: ನಮಗೆ ಒಂದೇ ಅಕ್ಷರವಾದ ‘ಸ್ತ್ರೀ’ ಯುನಿಕೋಡ್ ಲೆಕ್ಕದಲ್ಲಿ 6.

ಕತ್ತರಿಸುವಾಗ ಎಸ್ಸೆಮ್ಮೆಸ್ ಭಾಷೆಗೆ ಇಳಿಯಬೇಡಿ, ಅದು ಓದುವವರ ಕಣ್ಣಿಗೆ ಹೊಡೆಯುತ್ತದೆ. ಮೊದಲು ಪುನರುಕ್ತಿ ತೆಗೆಯಿರಿ. ಎಎಂಸಿಎಎಸ್‌ನಲ್ಲಿ ಅನುಭವಗಳಿಗೆ 15 ಪ್ರತ್ಯೇಕ ಜಾಗಗಳಿವೆ, ಒಂದೊಂದಕ್ಕೆ 700 ಕ್ಯಾರೆಕ್ಟರ್. ಅಲ್ಲಿ ಹೇಳಿದ್ದನ್ನು ಪ್ರಬಂಧದಲ್ಲಿ ಮತ್ತೆ ಪಟ್ಟಿ ಮಾಡುವುದು ವ್ಯರ್ಥ. ಆಮೇಲೆ ಉದ್ದದ ಇಂಗ್ಲಿಷ್ ಪದಗುಚ್ಛ ಮೊಟಕುಗೊಳಿಸಿ: ‘ಇನ್ ಆರ್ಡರ್ ಟು’ ಬದಲು ‘ಟು’ ಎಂದರೆ 9 ಉಳಿತಾಯ, ‘ಡ್ಯೂ ಟು ದ ಫ್ಯಾಕ್ಟ್ ದಟ್’ ಬದಲು ‘ಬಿಕಾಸ್’ ಎಂದರೆ 13.

ಕೊನೆಗೆ ನೋಟ್‌ಪ್ಯಾಡಿಗೆ ಹಾಕಿ ದಪ್ಪಕ್ಷರದಂಥ ಅಲಂಕಾರ ಕಳಚಿ, ಅಲ್ಲಿಂದ ಅರ್ಜಿಗೆ ಅಂಟಿಸಿ. ಎಎಂಸಿಎಎಸ್‌ನಲ್ಲಿ ಕಾಗುಣಿತ ತಿದ್ದುವ ಸೌಲಭ್ಯವಿಲ್ಲ; ಸಲ್ಲಿಸಿದ ಮೇಲೆ ಪ್ರಬಂಧ ಬದಲಿಸಲೂ ಆಗದು.