ಮಾರಿಯೋನ ಕೋಟೆಗೆ ಖಾತೆ ಯಾರ ಹೆಸರಲ್ಲಿದೆ?

ಎರಡನೇ ಭಾಗ ಅಂದ ಕೂಡಲೇ ನಮಗೆಲ್ಲ ಒಂದು ಅನುಮಾನ. ಸಿನಿಮಾ ಆಗಲಿ, ಹೋಟೆಲಿನ ಎರಡನೇ ಬ್ರಾಂಚ್ ಆಗಲಿ, "ಮೊದಲಿನ ಥರ ಇಲ್ಲ ಬಿಡಿ" ಅನ್ನುವ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ. ಸ್ವಲ್ಪ ಬದಲಾದರೆ ಕೆಡಿಸಿಬಿಟ್ಟರು ಅನ್ನುತ್ತೇವೆ. ಬದಲಾಗದಿದ್ದರೆ ಹಳೇದನ್ನೇ ಮತ್ತೆ ಬಡಿಸಿದರು ಅನ್ನುತ್ತೇವೆ. ಪಾಪ, ಮಾಡಿದವರು ಏನು ಮಾಡಬೇಕು?

ಇದೆಲ್ಲ ತಲೆಗೆ ಬಂದಿದ್ದು ಒಂದು ವಿಡಿಯೋ ಗೇಮಿನಿಂದ. ನಿಂಟೆಂಡೊ ಕಂಪನಿ 1989ರಲ್ಲಿ ಗೇಮ್ ಬಾಯ್ ಅನ್ನುವ ಪುಟ್ಟ ಯಂತ್ರ ತಂದಿತು. ನಾಲ್ಕು ಪೆನ್ಸಿಲ್ ಸೆಲ್ ಹಾಕಿ ಕೈಯಲ್ಲಿ ಹಿಡಿದು ಆಡಬೇಕು. ಪರದೆಯಲ್ಲಿ ಬಣ್ಣವಿಲ್ಲ, ಮಂಕು ಹಸಿರಿನ ನಾಲ್ಕು ಛಾಯೆ ಅಷ್ಟೇ. ಜಪಾನಿನಲ್ಲಿ ಅದರ ಜೊತೆಗೇ ಬಂದ ಆಟ ಸೂಪರ್ ಮಾರಿಯೋ ಲ್ಯಾಂಡ್. ಅದರಲ್ಲಿ ನಾವು ಓಡಿಸಿ ಜಿಗಿಸುವ ನಾಯಕ ಮಾರಿಯೋ ಎಷ್ಟು ಚಿಕ್ಕವನೆಂದರೆ, ಅವನಿಗೆ ಮೀಸೆ ಇದೆ ಅನ್ನುವುದನ್ನು ನಾವೇ ನಂಬಿಕೊಳ್ಳಬೇಕು. 1992ರಲ್ಲಿ ಎರಡನೇ ಭಾಗ, ಸೂಪರ್ ಮಾರಿಯೋ ಲ್ಯಾಂಡ್ 2, ಬಂತು. ಮೀಸೆ ಕಂಡಿತು!

ಆ ಕಾಲದಲ್ಲಿ ತುಮಕೂರಿನಲ್ಲಿ ಗೇಮ್ ಬಾಯ್ ಇದ್ದವರನ್ನು ನಾನಂತೂ ಕಂಡಿಲ್ಲ. ನಮಗೆ ಸಿದ್ಧಗಂಗೆ ಜಾತ್ರೆ ಅಂಗಡಿಯ ಬ್ರಿಕ್ ಗೇಮೇ ದೊಡ್ಡದು. ಮೇಲಿಂದ ಬೀಳುವ ಇಟ್ಟಿಗೆ ಜೋಡಿಸುತ್ತಾ ಕೂತರೆ ಊಟದ ನೆನಪೂ ಇರುತ್ತಿರಲಿಲ್ಲ. ನಿಂಟೆಂಡೊದವರು 2023ರಲ್ಲಿ ಗೇಮ್ ಬಾಯ್ ಆಟಗಳನ್ನು ತಮ್ಮ ಸ್ವಿಚ್ ಯಂತ್ರಕ್ಕೆ ತಂದರು. ಈ ಎರಡನೇ ಭಾಗವೂ ಆ ಪಟ್ಟಿಯಲ್ಲಿತ್ತು. ಬೆಂಗಳೂರಿನಿಂದ ರಜೆಗೆ ಬಂದ ಅಕ್ಕನ ಮಗ ಕ್ಯಾತ್ಸಂದ್ರದ ನಮ್ಮ ಮನೆಯ ಜಗಲಿ ಮೇಲೆ ಕೂತು ಅದನ್ನೇ ಆಡುತ್ತಿದ್ದ.

ಕಥೆ ಕೇಳಿದರೆ ನೀವೂ ನಮ್ಮ ಕಡೆಯದೇ ಅನ್ನುತ್ತೀರಿ. ಮೊದಲ ಭಾಗದಲ್ಲಿ ಮಾರಿಯೋ ಡೈಸಿ ಅನ್ನುವ ರಾಜಕುಮಾರಿಯನ್ನು ಬಿಡಿಸಲು ಪರಸ್ಥಳಕ್ಕೆ ಹೋಗಿರುತ್ತಾನಲ್ಲ, ಆ ಹೊತ್ತಿನಲ್ಲಿ ವಾರಿಯೋ ಅನ್ನುವವನು ಬಂದು ಅವನ ಕೋಟೆಯನ್ನೇ ಆಕ್ರಮಿಸಿಕೊಂಡಿರುತ್ತಾನೆ. ಬಾಗಿಲು ತೆಗೆಸಬೇಕಾದರೆ ಆರು ಚಿನ್ನದ ನಾಣ್ಯ ಬೇಕು. ಅವು ಆರು ಕಡೆ ಆರು ಜನರ ಕೈಯಲ್ಲಿವೆ. ಈ ಸಲ ರಾಜಕುಮಾರಿಯೂ ಇಲ್ಲ, ಲೋಕೋದ್ಧಾರವೂ ಇಲ್ಲ. ಅಪ್ಪಟ ಒತ್ತುವರಿ ಕೇಸು.

ವಸಂತನರಸಾಪುರದ ಕಡೆ ಕೈಗಾರಿಕಾ ಪ್ರದೇಶ ಆದ ಮೇಲೆ ನಮ್ಮ ಮನೆಯಲ್ಲಿ ಯಾವ ಮಾತು ಶುರುವಾದರೂ ಸೈಟಿಗೇ ಬಂದು ನಿಲ್ಲುತ್ತದೆ. ಪೇಪರ್ ಓದುತ್ತಿದ್ದ ಅಪ್ಪ ಕನ್ನಡಕ ಮೇಲೆತ್ತಿ ಕೇಳಿದರು: "ಕೋಟೆ ಖಾತೆ ಯಾರ ಹೆಸರಲ್ಲೈತಂತೆ?"

"ತಾತ, ಇದು ಗೇಮು."

"ಗೇಮಾದ್ರೇನು, ದಾಖಲೆ ಬೇಡ್ವಾ? ಬೀಗ ಹಾಕದೆ ಊರು ಬಿಟ್ರೆ ಇನ್ನೇನಾಗ್ತೈತೆ?"

ವಾರಿಯೋಗೆ ರೂಪ ಕೊಟ್ಟವರು ಈ ಆಟ ಮಾಡಿದ ನಿಂಟೆಂಡೊ ತಂಡದ ಹಿರೋಜಿ ಕಿಯೋಟಕೆ. ಅವರ ತಂಡ ಆಡಿಸುತ್ತಿದ್ದುದು ಬೇರೆಯವರು ಹುಟ್ಟಿಸಿದ ಮಾರಿಯೋನನ್ನು. ತಮ್ಮದಲ್ಲದ ಮನೆಯಲ್ಲಿ ಬಾಡಿಗೆಗಿದ್ದವರು ತಮ್ಮದೇ ಒಬ್ಬನನ್ನು ತಂದು ಒಳಗೆ ಕೂರಿಸಿದರು ಅಂದುಕೊಂಡರೆ ನನಗೆ ಸುಮ್ನೆ ಖುಷಿಯಾಗುತ್ತದೆ.

ಇನ್ನು ವಿಮರ್ಶಕರ ವಿಷಯ. ಹೆಚ್ಚಿನವರು ಹೊಗಳಿದರು. ಚಿತ್ರಗಳು ದೊಡ್ಡದಾಗಿ ಸ್ಪಷ್ಟವಾಗಿವೆ, ಓಟ ಜಿಗಿತ ಹೇಳಿದ ಹಾಗೆ ಕೇಳುತ್ತವೆ, ಜಾಗಗಳಲ್ಲಿ ವೈವಿಧ್ಯವಿದೆ ಎಂದರು. ಅದು ನಿಜ. ಒಂದು ಕಡೆ ಮರದ ಹೊಟ್ಟೆಯೊಳಗೆ ಓಡಾಟ. ಇನ್ನೊಂದು ಕಡೆ ದೆವ್ವಗಳ ಕುಂಬಳಕಾಯಿ. ಮತ್ತೊಂದು ಕಡೆ ಹೆಬ್ಬಿರುವೆಗಳಿರುವ ರಾಕ್ಷಸ ಗಾತ್ರದ ಮನೆ. ಗುಳ್ಳೆಯೊಳಗೆ ಕೂತು ಚಂದ್ರಲೋಕಕ್ಕೂ ಹೋಗಬಹುದು. ಕ್ಯಾರೆಟ್ ತಿಂದರೆ ಮೊಲದ ಕಿವಿ ಬರುತ್ತದೆ, ಅದನ್ನು ಪಟಪಟ ಬಡಿಯುತ್ತಾ ನಿಧಾನಕ್ಕೆ ತೇಲಿ ಇಳಿಯಬಹುದು. ಯಾವ ಜಾಗಕ್ಕೆ ಮೊದಲು ಹೋಗಬೇಕು ಅನ್ನುವುದೂ ನಮ್ಮಿಷ್ಟ. ಇಷ್ಟೆಲ್ಲ ಮೆಚ್ಚಿ ಕೊನೆಗೆ ಒಂದು ಕೊಂಕು: ಆಟ ಜಾಸ್ತಿ ಸುಲಭವಾಯಿತು.

ಇಲ್ಲೇ ನನ್ನ ತಕರಾರು ಇರುವುದು. ಗೇಮ್ ಬಾಯ್ ಪರದೆ ಅಂದರೆ ಅಡ್ಡಕ್ಕೆ 160 ಚುಕ್ಕಿ, ಉದ್ದಕ್ಕೆ 144. ಮೊದಲ ಭಾಗಕ್ಕೂ ಅಷ್ಟೇ, ಎರಡನೆಯದಕ್ಕೂ ಅಷ್ಟೇ. ಅದರೊಳಗೆ ಮಾರಿಯೋ ದಪ್ಪಗಾದ. ಅವನು ದಪ್ಪಗಾದಷ್ಟೂ ಅವನ ಮುಂದಿನ ಜಾಗ ಕಡಿಮೆಯಾಯಿತು. ಎದುರಿಗೆ ಬರುವ ಹಳ್ಳವೋ ಶತ್ರುವೋ ಹತ್ತಿರ ಬರುವ ತನಕ ಕಾಣುವುದಿಲ್ಲ. ಅಂಥ ಕಡೆ ಶತ್ರುಗಳನ್ನು ಸಾಲಾಗಿ ನಿಲ್ಲಿಸಿದರೆ ಆಡುವವನಿಗೆ ಬರೀ ಗ್ರಹಚಾರ. ಅದಕ್ಕೇ ಶತ್ರುಗಳು ವಿರಳ, ನಡಿಗೆ ನಿಧಾನ, ಜಿಗಿತ ಮೆತ್ತಗೆ. ಹುಡುಗ ಆಡುವಾಗ ಪಕ್ಕದಲ್ಲಿ ಕೂತು ನೋಡಿ. ಓಡಿಸುವಾಗ ಅವನ ಹೆಬ್ಬೆರಳು ಪದೇ ಪದೇ ಬಟನ್ ಬಿಡುತ್ತದೆ, ಮುಂದೇನಿದೆ ಅಂತ ಒಂದು ಕ್ಷಣ ತಡೆಯುತ್ತಾನೆ, ಮತ್ತೆ ಒತ್ತುತ್ತಾನೆ. ಚಿತ್ರ ದೊಡ್ಡದಾಯಿತು ಎಂದು ಹೊಗಳಿದ್ದು, ಆಟ ಸುಲಭವಾಯಿತು ಎಂದು ತೆಗಳಿದ್ದು, ನನ್ನ ಲೆಕ್ಕದಲ್ಲಿ ಎರಡೂ ಒಂದೇ. ಒಂದನ್ನು ತೆಗೆದುಕೊಂಡ ಮೇಲೆ ಇನ್ನೊಂದನ್ನು ಬೇಡ ಅನ್ನುವ ಹಾಗಿಲ್ಲ.

ಅಷ್ಟಕ್ಕೂ ಪೂರ್ತಿ ಸುಲಭವೂ ಅಲ್ಲ. ಇರುವ ಜೀವಗಳೆಲ್ಲ ಖರ್ಚಾದರೆ ಗಳಿಸಿದ ಚಿನ್ನದ ನಾಣ್ಯಗಳೂ ಕೈಬಿಟ್ಟು ಹೋಗುತ್ತವೆ, ಮತ್ತೆ ಅವರವರ ಹತ್ತಿರವೇ ಹೋಗಿ ಕಾದಾಡಬೇಕು. ವಾರಿಯೋ ಕೂತಿರುವ ಕೋಟೆಯಂತೂ ಉದ್ದಕ್ಕೆ ಉದ್ದ. ನಡುವೆ ಸತ್ತರೆ ಮತ್ತೆ ಬಾಗಿಲಿಂದಲೇ ಶುರು. ಇಷ್ಟು ಹೊತ್ತು ಬೆನ್ನು ತಟ್ಟುತ್ತಿದ್ದ ಆಟ ಇದ್ದಕ್ಕಿದ್ದಂತೆ ಕೆನ್ನೆಗೆ ಬಾರಿಸುತ್ತದೆ. ಇದನ್ನೂ ವಿಮರ್ಶಕರು ಬಿಡಲಿಲ್ಲ, ಕೊನೆ ಮಾತ್ರ ವಿಪರೀತ ಕಷ್ಟ ಅಂದರು. ನಮ್ಮ ಹುಡುಗ "ತುಂಬಾ ಈಸಿ ಮಾಮ" ಅನ್ನುತ್ತಲೇ ಬಂದವನು ಇಲ್ಲಿ ಗಪ್‌ಚುಪ್. ಸ್ವಿಚ್‌ನಲ್ಲಿ ಆಟವನ್ನು ಹಿಂದಕ್ಕೆ ಸುತ್ತುವ ಅನುಕೂಲ ಇದೆ. ಬೆಂಕಿಗೆ ಬಿದ್ದ ಮಾರಿಯೋ ಅದರಿಂದ ಎದ್ದು, ಹಿಂದಕ್ಕೆ ಹಾರಿ, ಮೆಟ್ಟಿಲ ಮೇಲೆ ನಿಂತ. ಮತ್ತೆ ಬಿದ್ದ. ಮತ್ತೆ ಎದ್ದ. 1992ರ ಮಕ್ಕಳಿಗೆ ಈ ಭಾಗ್ಯ ಇರಲಿಲ್ಲ. ಆದರೂ ಆಟ ಒಂದು ಕೋಟಿಗೂ ಜಾಸ್ತಿ ಪ್ರತಿ ಖರ್ಚಾಯಿತು. ಮೊದಲ ಭಾಗ ಇನ್ನೂ ಹೆಚ್ಚು ಹೋಗಿತ್ತು ಅನ್ನಿ.

ಕೊನೆಗೆ ವಾರಿಯೋ ಸೋಲುತ್ತಾನೆ, ಗಾಳಿ ಇಳಿದವನಂತೆ ಕುಗ್ಗಿ ಓಡಿಹೋಗುತ್ತಾನೆ. ಕೋಟೆ ಮಾರಿಯೋನ ಸ್ವಾಧೀನಕ್ಕೆ. ಆದರೆ ತಮಾಷೆ ಇರುವುದು ಆಮೇಲೆ. 1994ರಲ್ಲಿ ಬಂದ ಮೂರನೇ ಭಾಗದಲ್ಲಿ ನಾಯಕ ಮಾರಿಯೋ ಅಲ್ಲ, ಇದೇ ವಾರಿಯೋ. ಬೇರೆಯವರದು ದಕ್ಕಲಿಲ್ಲ ಎಂದು ಸ್ವಂತ ಕೋಟೆ ಕೊಳ್ಳಲು ಹೊರಟಿದ್ದಾನೆ. ಆಟದಲ್ಲಿ ನಾವು ಎಷ್ಟು ದುಡ್ಡು ಕೂಡಿಸುತ್ತೇವೋ ಅವನಿಗೆ ಅಷ್ಟಕ್ಕೆ ತಕ್ಕ ಮನೆ. ಚೆನ್ನಾಗಿ ಕೂಡಿಸಿದರೆ ಕೋಟೆ. ಚಿಲ್ಲರೆ ಕಾಸು ತಂದರೆ ಹಕ್ಕಿಗೂಡು. ಅಪ್ಪನಿಗೆ ಇದು ಬಹಳ ಹಿಡಿಸಿತು. ಹಕ್ಕಿಗೂಡಿಗೂ ಕಂದಾಯ ಕಟ್ಟಬೇಕಾ ಅಂತ ಮಾತ್ರ ಕೇಳಿದರು.