‘ಮಕ್ಕಳಿಲ್ವಾ ತಾತ?’

ಬೆಂಗಳೂರಿನ ಕಡಲೆಕಾಯಿ ಪರಿಷೆಗೆಂದೇ ಈ ಸಲ ಶಿಕಾಗೊದಿಂದ ಬಂದಿದ್ದೆ. ಬುಲ್ ಟೆಂಪಲ್ ರಸ್ತೆಯಲ್ಲಿ ಜನ ಕರಗುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು. ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಅಜ್ಜ ಗೋಣಿಚೀಲ ಹಾಸುತ್ತಿದ್ದರು. ಮಾಸಿದ ಮಿಲಿಟರಿ ಸ್ವೆಟರ್. ಹರಿದ ಬೂಟುಗಳ ಮೂತಿ ಒಂದೇ ಗೆರೆಗೆ ಬರುವ ಹಾಗೆ ಜೋಡಿಸಿಟ್ಟಿದ್ದರು. ಭಾವ ಬಗ್ಗಿ ಕೇಳಿದರು: “ಯಾಕ್ ತಾತ ಇಲ್ಲಿ? ಮಕ್ಕಳಿಲ್ವಾ?” ಅಜ್ಜ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು.

“ಮಿಲಿಟ್ರಿಯವರಿಗೆ ಪೆನ್ಷನ್ ಬರುತ್ತೆ ಕಣೋ, ಮನೇಲಿ ಜಗಳ ಆಡ್ಕೊಂಡು ಬಂದಿರ್ತಾರೆ” ಅಂದರು ಭಾವ.

ಆ ಪ್ರಶ್ನೆ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಅಮೆರಿಕದಲ್ಲಿ ಜನವರಿ ಕೊನೆಯ ಒಂದು ರಾತ್ರಿ ಸೂರಿಲ್ಲದವರನ್ನು ಹುಡುಕಿ ಎಣಿಸುತ್ತಾರೆ. ಒಮ್ಮೆ ಸ್ವಯಂಸೇವಕನಾಗಿ ಹೋಗಿದ್ದೆ. ಶಿಕಾಗೊದಲ್ಲಿ ಮೇಲಿನ ರಸ್ತೆಯ ಅಡಿಯಲ್ಲೇ ಸಾಗುವ ಲೋವರ್ ವ್ಯಾಕರ್ ರಸ್ತೆಯಲ್ಲಿ, ಉಸಿರು ಹೆಪ್ಪುಗಟ್ಟುವ ಚಳಿ. “ಮಾಜಿ ಸೈನಿಕರಾ?” ಎಂದು ಕೇಳಬೇಡಿ, “ಸೇನೆಯಲ್ಲಿ ಕೆಲಸ ಮಾಡಿದ್ದಿರಾ?” ಎಂದು ಕೇಳಿ ಅಂತ ನಮಗೆ ಹೇಳಿಕೊಟ್ಟಿದ್ದರು. ಯುದ್ಧ ಕಾಣದ ಎಷ್ಟೋ ಮಂದಿ ತಮ್ಮನ್ನು ಮಾಜಿ ಸೈನಿಕರೆಂದು ಎಣಿಸಿಕೊಳ್ಳುವುದೇ ಇಲ್ಲ. ಹೌದೆಂದವರ ಹೆಸರು ಪಟ್ಟಿಗೆ ಸೇರುತ್ತದೆ. ಅರ್ಹರಾದವರಿಗೆ ಬಾಡಿಗೆ ವೋಚರ್ ಸಿಗುತ್ತದೆ: ಆದಾಯದಲ್ಲಿ ಶೇ. 30ರಷ್ಟು ಅವರು ಕೊಟ್ಟರೆ ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಕುಡಿತ ಬಿಟ್ಟು ಬಾ, ಆಮೇಲೆ ಮನೆ ಅನ್ನುತ್ತಿರಲಿಲ್ಲ. 2010ರಲ್ಲಿ ಸುಮಾರು 74,000 ಮಾಜಿ ಸೈನಿಕರು ಸೂರಿಲ್ಲದೆ ಇದ್ದರು, 2024ರ ಎಣಿಕೆಗೆ ಅದು 32,882ಕ್ಕೆ ಇಳಿದಿತ್ತು. ಆ ರಾತ್ರಿ ನಾವು ಯಾರೂ ಯಾರನ್ನೂ ಮಕ್ಕಳೆಲ್ಲಿ ಎಂದು ಕೇಳಲಿಲ್ಲ.

ಮರುದಿನ ರಾತ್ರಿ ಒಬ್ಬನೇ ಹೋಗಿ, “ಯಾವ ರೆಜಿಮೆಂಟು ಸರ್?” ಅಂದೆ. ಅಜ್ಜ ಎದ್ದು ಕೂತರು. “ಎಂಇಜಿ.” ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನೆಯ ಎಂಜಿನಿಯರ್ ದಳ. ಪ್ಲಾಸ್ಟಿಕ್ ಕವರಿನಿಂದ ಡಿಸ್ಚಾರ್ಜ್ ಬುಕ್ ತೆಗೆದು ಬೀದಿದೀಪಕ್ಕೆ ಹಿಡಿದರು. ಭಾವ ಹೇಳಿದ್ದು ನಿಜ, ಪೆನ್ಷನ್ ಬರುತ್ತದೆ. ರೂಮು ಸಿಗುವುದಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಎಲ್ಲಿಂದ ತರುವುದು? ತಂದರೂ ಒಂಟಿ ಮುದುಕನಿಗೆ ಯಾರು ಕೊಡುತ್ತಾರೆ? “ನಾಳೆ ಏನಾದ್ರೂ ಆದ್ರೆ ಯಾರು ಬರ್ತಾರೆ ಅಂತಾರೆ, ಸಾರ್. ಅವರದ್ದೂ ತಪ್ಪಿಲ್ಲ.”

ಹಲಸೂರಿನಲ್ಲಿ ಅದೇ ಎಂಇಜಿಯ ಹಳೆಯ ಕೇಂದ್ರ ಇಟ್ಟುಕೊಂಡ ಊರು ನಮ್ಮದು. ಅದರಲ್ಲಿ ದುಡಿದವನಿಗೆ ಡಿಸೆಂಬರ್ ಚಳಿಯಲ್ಲಿ ಒಂದು ಕೋಣೆ ಹುಟ್ಟುವುದಿಲ್ಲ. “ಮಕ್ಕಳಿಲ್ವಾ” ಅಂದ ತಕ್ಷಣ ಅದು ಅವರ ಮನೆ ವಿಷಯ ಆಗಿಬಿಡುತ್ತದೆ, ನಾವು ಮುಂದೆ ನಡೆಯಬಹುದು.

ಒಂದನ್ನು ಒಪ್ಪಲೇಬೇಕು. ಅಮೆರಿಕದಲ್ಲಿ ಸಾಮಾನ್ಯವಾಗಿ ಇಪ್ಪತ್ತು ವರ್ಷ ದುಡಿದರಷ್ಟೇ ಸೇನೆಯ ನಿವೃತ್ತಿ ಪಿಂಚಣಿ, ಬಹಳಷ್ಟು ಜನ ಅದಕ್ಕೆ ಮೊದಲೇ ಹೊರಗೆ ಬೀಳುತ್ತಾರೆ. ನಮ್ಮ ಜವಾನರಿಗೆ ಹದಿನೈದು ವರ್ಷಕ್ಕೇ ಸಾಯುವ ತನಕ ಪೆನ್ಷನ್. ಅಲ್ಲಿ ವೋಚರ್ ಕೈಯಲ್ಲಿದ್ದರೂ ಬಾಗಿಲು ಹಾಕಿಕೊಳ್ಳುವ ಮನೆ ಮಾಲೀಕರೂ ಇದ್ದಾರೆ. ಆದರೆ 2022ರಲ್ಲಿ ಬಂದ ಅಗ್ನಿಪಥದಲ್ಲಿ ನಾಲ್ಕೇ ವರ್ಷಕ್ಕೆ ಮುಕ್ಕಾಲು ಪಾಲು ಹುಡುಗರು ಪಿಂಚಣಿಯಿಲ್ಲದೆ ಮರಳಬೇಕು. ಅವರಿಗೆ ವಯಸ್ಸಾದಾಗ ಭಾವನ ಮಾತು ನಡೆಯುವುದಿಲ್ಲ.

ಭಾವ ಒಳ್ಳೆಯವರು. ಸಂಗತಿ ಹೇಳಿದ ಕೂಡಲೇ ಕಂಬಳಿ, ಫ್ಲಾಸ್ಕಿನಲ್ಲಿ ಬಿಸಿ ಹಾಲು ತೆಗೆದುಕೊಂಡು ನನಗಿಂತ ಮುಂಚೆ ಹೊರಟರು. ಅವರ ಮನೆಯ ಮೇಲಿನ ಕೋಣೆ ಆಷಾಢದಿಂದ ಖಾಲಿ ಇದೆ. ಗೇಟಿನ ‘ಟು ಲೆಟ್’ ಬೋರ್ಡಿನ ಕೆಳಗೆ ‘ಫ್ಯಾಮಿಲಿಗೆ ಮಾತ್ರ’ ಎಂದು ಅವರೇ ಬರೆದಿದ್ದಾರೆ. ಆ ಸಾಲು ಅಳಿಸಿ ಭಾವ ಅಂದೆ. ಅಕ್ಕನನ್ನು ಕೇಳಿ ಹೇಳ್ತೀನಿ ಅಂದಿದ್ದಾರೆ. ನಾಡಿದ್ದು ನನ್ನ ವಿಮಾನ.