ರಾತ್ರಿ ಹತ್ತರ ನಂತರದ ಸದ್ದಿಗೆ ಮೀಟರ್ ಬೇಕಿಲ್ಲ

ಗಣೇಶೋತ್ಸವದ ಆರ್ಕೆಸ್ಟ್ರಾ ಇರಲಿ, ಪಕ್ಕದ ಸೈಟಿನಲ್ಲಿ ಗ್ರಾನೈಟ್ ಕತ್ತರಿಸುವ ಯಂತ್ರವಿರಲಿ, ಸರಿರಾತ್ರಿಯ ಗದ್ದಲದ ಬಗ್ಗೆ ಪೊಲೀಸರಿಗೆ ದೂರು ಕೊಟ್ಟರೆ ಸಿಗುವ ಉತ್ತರ ಒಂದೇ: "ಎಷ್ಟು ಡೆಸಿಬಲ್ ಇದೆ ಎಂದು ಅಳೆಯಲು ನಮ್ಮ ಬಳಿ ಮೀಟರ್ ಇಲ್ಲ." ಕಳೆದ ವಾರ ನಮ್ಮ ಬೀದಿಯವರಿಗೂ ಅದೇ ಉತ್ತರ ಬಂತು. ಅದು ತಪ್ಪು ಉತ್ತರ. ಯಾಕೆ ತಪ್ಪು ಎಂಬುದು ಪ್ರತಿ ಬಡಾವಣೆಗೂ ಗೊತ್ತಿರಬೇಕು ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮಲ್ಲಿ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು ಬಂದದ್ದು 2000ದಲ್ಲಿ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗಿನ ಸಮಯವನ್ನು ನಿಯಮ ರಾತ್ರಿ ಎಂದು ಪರಿಗಣಿಸುತ್ತದೆ. ಹಗಲಿನ ಸದ್ದಿನ ಮೇಲೆ ದೂರು ಕೊಡಬೇಕಾದರೆ ಅದು ಮಿತಿಗಿಂತ ಕನಿಷ್ಠ 10 ಡೆಸಿಬಲ್ ಹೆಚ್ಚಿರಬೇಕು. ಅಲ್ಲಿ ಅಳತೆ ಬೇಕು, ಒಪ್ಪುತ್ತೇನೆ. ಆದರೆ 2010ರ ತಿದ್ದುಪಡಿಯ ನಂತರ ರಾತ್ರಿಯ ವಿಷಯ ಬೇರೆ. ರಾತ್ರಿಗೆಂದು ವಿಧಿಸಿದ ನಿರ್ಬಂಧ ಮುರಿದಿದ್ದರೆ ಅಷ್ಟಕ್ಕೇ ದೂರು ಕೊಡಬಹುದು. ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಕೂಗುವುದೇ ಉಲ್ಲಂಘನೆ. ವಸತಿ ಪ್ರದೇಶದಲ್ಲಿ ಸದ್ದು ಮಾಡುವ ಕಟ್ಟಡ ಯಂತ್ರ ಓಡಿಸುವುದೂ ಉಲ್ಲಂಘನೆ, ತುರ್ತು ಇಲ್ಲದೆ ಹಾರ್ನ್ ಹೊಡೆಯುವುದೂ ಉಲ್ಲಂಘನೆ. ಇಲ್ಲಿ ನೋಡಬೇಕಾದದ್ದು ಗಡಿಯಾರವನ್ನು ಮಾತ್ರ.

ಹಬ್ಬಗಳಿಗೆ ವಿನಾಯಿತಿ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ರಾಜ್ಯ ಸರ್ಕಾರ ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಲ್ಲಿ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಅವಕಾಶ ಕೊಡಬಹುದು, ವರ್ಷಕ್ಕೆ ಎಲ್ಲಾ ಸೇರಿ 15 ದಿನ ಮೀರದಂತೆ. ಹಾಗಾಗಿ ಒಂದು ಗಂಟೆಗೂ ನಿಲ್ಲದ ಡಿಜೆಗೆ ಯಾವ ಹಬ್ಬದ ಹೆಸರೂ ರಕ್ಷಣೆ ಕೊಡುವುದಿಲ್ಲ. ಮುಚ್ಚಿದ ಸಭಾಂಗಣಕ್ಕೂ ವಿನಾಯಿತಿ ಇದೆ, ಅದು ಒಳಗಿರುವವರಿಗೆ ಕೇಳಿಸುವುದಕ್ಕಾಗಿ. ಕಲ್ಯಾಣ ಮಂಟಪದ ಬಾಗಿಲು ತೆರೆದಿಟ್ಟು ಮೂರು ಬೀದಿಗೆ ಹಾಡು ಹಂಚುವುದಕ್ಕಲ್ಲ.

ಮೂವತ್ತು ನಲವತ್ತರ ಸೈಟುಗಳಲ್ಲಿ ಗೋಡೆಗೆ ಗೋಡೆ ತಾಗುವಂತೆ ಮನೆ ಕಟ್ಟಿಕೊಂಡವರು ನಾವು. ನಮ್ಮ ಕಿಟಕಿ ತೆರೆಯುವುದೇ ಪಕ್ಕದವರ ಗೋಡೆಗೆ. ಸದ್ದು ಎರಡು ಗೋಡೆಗಳ ನಡುವೆ ಪುಟಿಯುತ್ತಾ ಮೇಲೇರುತ್ತದೆ. ದೊಡ್ಡ ಸ್ಪೀಕರ್‌ಗಳ ಬೇಸ್ ಇದೆಯಲ್ಲ, ಅದು ಕಿಟಕಿ ಮುಚ್ಚಿದರೂ ನಿಲ್ಲುವುದಿಲ್ಲ; ಕಡಿಮೆ ಕಂಪನಾಂಕದ ಶಬ್ದವನ್ನು ತಡೆಯುವ ಶಕ್ತಿ ನಮ್ಮ ಗಾಜಿಗೂ ಇಲ್ಲ, ಗೋಡೆಗೂ ಹೆಚ್ಚಿಲ್ಲ. ಮದುವೆ, ಜಾತ್ರೆಗಳ ಕಾಲದಲ್ಲೇ ಪಿಯು, ಎಸ್ಸೆಸ್ಸೆಲ್ಸಿ ಪರೀಕ್ಷೆಗಳೂ ಬರುತ್ತವೆ. ಬೆಳಗಿನ ಪಾಳಿಗೆ ನಾಲ್ಕಕ್ಕೆ ಏಳಬೇಕಾದ ಬಸ್ ಚಾಲಕರು, ಬಾಣಂತಿಯರು, ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಅಜ್ಜಂದಿರು, ಎಲ್ಲರೂ ಇದೇ ಗೋಡೆಗಳ ಹಿಂದೆ ಇದ್ದಾರೆ. "ಒಂದು ದಿನ ತಾನೇ ಸಾರ್" ಎನ್ನುವುದನ್ನು ಸದಾ ಇವರೇ ಕೇಳಿಸಿಕೊಳ್ಳುತ್ತಾರೆ.

ಕಟ್ಟಡ ಕೆಲಸದ ವಿಷಯದಲ್ಲಿ ನನಗೆ ಸ್ವಲ್ಪ ಭಿನ್ನ ಅಭಿಪ್ರಾಯವಿದೆ. ತಾರಸಿಗೆ ಕಾಂಕ್ರೀಟ್ ಹಾಕಲು ಶುರು ಮಾಡಿದರೆ ಅರ್ಧಕ್ಕೆ ನಿಲ್ಲಿಸಲಾಗದು. ಹಳೆಯದು ಗಟ್ಟಿಯಾದ ಮೇಲೆ ಹೊಸದು ಸರಿಯಾಗಿ ಬೆಸೆಯದೆ ಅಲ್ಲಿಂದ ನೀರು ಸೋರುತ್ತದೆ. ಬೆಂಗಳೂರಿನಂಥ ಊರಲ್ಲಿ ಭಾರೀ ಲಾರಿಗಳಿಗೆ ಹಗಲು ನಿರ್ಬಂಧವಿರುವುದರಿಂದ ಜಲ್ಲಿ, ಎಂ-ಸ್ಯಾಂಡ್ ರಾತ್ರಿಯೇ ಬಂದು ಸುರಿಯುತ್ತವೆ. ಇದಕ್ಕೆ ಮಾಲೀಕರನ್ನೊಬ್ಬರನ್ನೇ ದೂರಿ ಫಲವಿಲ್ಲ. ಮೋಲ್ಡಿಂಗ್ ದಿನ ತಡವಾಗಬಹುದು ಎಂದು ಹಿಂದಿನ ಸಂಜೆ ಅಕ್ಕಪಕ್ಕದ ಮನೆಗಳಿಗೆ ಹೇಳಿದರೆ ಬಹಳ ಮಂದಿ ಸಹಿಸಿಕೊಳ್ಳುತ್ತಾರೆ. ಆದರೆ ಟೈಲ್ಸ್ ಕತ್ತರಿಸುವುದು, ಗೋಡೆ ಕೊರೆಯುವುದು ಹಗಲಿನ ಕೆಲಸ. ಅದನ್ನು ರಾತ್ರಿಗೆ ತಳ್ಳುವುದಕ್ಕೆ ಯಾವ ಕಾರಣವೂ ಇಲ್ಲ.

2005ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಶಬ್ದ ಮಾಲಿನ್ಯದ ಬಗ್ಗೆ ಕೊಟ್ಟ ತೀರ್ಪಿನ ಹಿನ್ನೆಲೆಯನ್ನು ಹಬ್ಬದ ಸಮಿತಿಯ ಯುವಕರಿಗೆ ಯಾರಾದರೂ ಹೇಳಬೇಕು. ಅತ್ಯಾಚಾರಕ್ಕೊಳಗಾದ 13 ವರ್ಷದ ಹುಡುಗಿಯೊಬ್ಬಳ ಕೂಗು ಪಕ್ಕದಲ್ಲಿ ಅಬ್ಬರಿಸುತ್ತಿದ್ದ ಧ್ವನಿವರ್ಧಕದಿಂದಾಗಿ ಯಾರಿಗೂ ಕೇಳಿಸಲಿಲ್ಲ ಎಂಬ ಪತ್ರಿಕಾ ವರದಿಯನ್ನು ಅರ್ಜಿದಾರರು ನ್ಯಾಯಾಲಯದ ಮುಂದಿಟ್ಟಿದ್ದರು. ಆ ಹುಡುಗಿ ಮುಂದೆ ಬೆಂಕಿ ಹಚ್ಚಿಕೊಂಡು ಸತ್ತಳು. ನೆಮ್ಮದಿಯಾಗಿ ಬದುಕುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲೇ ಸೇರಿದೆ ಎಂದು ನ್ಯಾಯಾಲಯ ಹೇಳಿದ್ದು ಆ ಪ್ರಕರಣದಲ್ಲಿ.

ನನಗೆ ಅತಿ ಹೆಚ್ಚು ಸಿಟ್ಟು ತರಿಸುವುದು ದೂರು ಕೊಟ್ಟವರ ಗತಿ. 112ಕ್ಕೆ ಕರೆ ಮಾಡಿದವರು ಯಾರು ಎಂಬುದು ಬೆಳಗಾಗುವುದರೊಳಗೆ ಬೀದಿಗೆಲ್ಲ ತಿಳಿದುಬಿಡುತ್ತದೆ. ಅವರ ಗೇಟಿನ ಮುಂದೆ ನಾಲ್ಕು ಜನ ನಿಲ್ಲುತ್ತಾರೆ, ಹಬ್ಬಕ್ಕೆ ಅಡ್ಡಿಪಡಿಸಿದವರು ಎಂಬ ಹೆಸರು ಬರುತ್ತದೆ. ಒಂಟಿಯಾಗಿರುವ ಹಿರಿಯ ಹೆಂಗಸೊಬ್ಬರು ಎರಡನೇ ಸಲ ಕರೆ ಮಾಡುವ ಧೈರ್ಯ ಎಲ್ಲಿಂದ ತರಬೇಕು? ದೂರುದಾರರ ಹೆಸರು, ಸಂಖ್ಯೆಯನ್ನು ಸ್ಥಳಕ್ಕೆ ಬರುವ ಪೊಲೀಸರು ಯಾರ ಮುಂದೆಯೂ ಹೇಳಬಾರದು.

ಆದ್ದರಿಂದ ಒಬ್ಬೊಬ್ಬರೇ ಮಧ್ಯರಾತ್ರಿ ಹೋರಾಡುವುದನ್ನು ಬಿಟ್ಟು, ಕಾರ್ಯಕ್ರಮಕ್ಕೆ ಮೊದಲೇ, ಹಗಲು ಹೊತ್ತಿನಲ್ಲಿ ಮಾತಾಡುವುದು ಒಳ್ಳೆಯದು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಕಡ್ಡಾಯ. ಅದನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಸ್ಪೀಕರ್ ಮುಖ ಮೈದಾನದ ಒಳಕ್ಕಿರಲಿ ಎಂದು ಕೇಳಿಕೊಂಡರೂ ಎಷ್ಟೋ ವ್ಯತ್ಯಾಸವಾಗುತ್ತದೆ.

ಈ ಭಾನುವಾರ ನಮ್ಮ ಬೀದಿಯ ನಿವಾಸಿಗಳು ಸೇರಿ ಠಾಣೆಗೂ ಡಿವೈಎಸ್ಪಿ ಕಚೇರಿಗೂ ಒಂದು ಮನವಿ ಕೊಡುತ್ತಿದ್ದೇವೆ. ಪೆಂಡಾಲ್‌ಗೆ ಕೊಡುವ ಅನುಮತಿ ಪತ್ರದಲ್ಲೇ ಮುಗಿಸುವ ಸಮಯ ಬರೆಯಿರಿ, ರಾತ್ರಿಯ ದೂರಿಗೆ ಮೀಟರ್ ಕೇಳಬೇಡಿ, ದೂರುದಾರರ ಹೆಸರು ಗುಟ್ಟಾಗಿಡಿ ಎಂದು ಅದರಲ್ಲಿ ಕೇಳಿದ್ದೇವೆ. ನಿಮ್ಮ ಬಡಾವಣೆಗೂ ಬೇಕಿದ್ದರೆ ತಿಳಿಸಿ, ಮನವಿಯ ಪ್ರತಿ ಕಳುಹಿಸುತ್ತೇನೆ.